ಬ್ರಿಟಿಷ್ ರೈಲ್ವೆ 1968ರಲ್ಲಿ ಉಗಿ ಇಂಜಿನ್ ಬಿಟ್ಟ ಮೇಲೂ ಅಲ್ಲಿನ ಗಣಿಗಳಲ್ಲಿ ಅವು ಓಡಿದ್ದು ಹೇಗೆ?

1968ರ ಆಗಸ್ಟ್‌ನಲ್ಲಿ ಉಗಿ ಬಿಟ್ಟಿದ್ದು ಬ್ರಿಟಿಷ್ ರೈಲ್ವೆ, ಅದೂ ತನ್ನ ಮುಖ್ಯ ಮಾರ್ಗಗಳಲ್ಲಿ. ಗಣಿ, ಕಾರ್ಖಾನೆಗಳಿಗೆ ತಮ್ಮದೇ ಹಳಿ, ತಮ್ಮದೇ ಇಂಜಿನ್ ಇದ್ದವು. ಆ ತೀರ್ಮಾನ ಅವುಗಳಿಗೆ ಅನ್ವಯಿಸಲಿಲ್ಲ.

ಕಲ್ಲಿದ್ದಲು ಗಣಿಗಳಿಗಂತೂ ಅವಸರವೇ ಇರಲಿಲ್ಲ. ಇಂಧನ ಕಾಲಬುಡದಲ್ಲೇ ಇತ್ತು ಅಲ್ವಾ! ಕೆಲಸವೂ ಅಷ್ಟೇ: ಗಣಿಯಿಂದ ರೈಲ್ವೆ ಹಳಿಯವರೆಗೆ ಒಂದೆರಡು ಮೈಲಿ ವ್ಯಾಗನ್ ಎಳೆಯುವುದು. ಇಂಜಿನ್‌ಗಳೂ ಹೊಸವೇ. ಯುದ್ಧಕಾಲದಲ್ಲಿ ಸೇನೆಗಾಗಿ ಹನ್ಸ್ಲೆಟ್ ಕಂಪನಿ ರೂಪಿಸಿದ 'ಆಸ್ಟೆರಿಟಿ' ಎಂಬ ಆರು ಚಕ್ರದ ಇಂಜಿನ್ 1943ರಿಂದ 1964ರವರೆಗೆ 485 ತಯಾರಾದವು. ಬಾಯ್ಲರ್ ಮೇಲೆಯೇ ನೀರಿನ ಟ್ಯಾಂಕ್ ಹೊತ್ತ ಗಟ್ಟಿ ಯಂತ್ರ ಅದು. ಅವುಗಳಲ್ಲಿ ಬಹಳಷ್ಟು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಗಣಿಗಳಲ್ಲಿ ದುಡಿದವು. ಇನ್ನೂ ಚೆನ್ನಾಗಿ ಓಡುವ ಇಂಜಿನ್ ಎಸೆದು ಡೀಸೆಲ್ ಕೊಳ್ಳುವುದು ಸುಮ್ನೆ ಖರ್ಚು.

ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್ ಸುತ್ತಲಿನ ಗಣಿ ಮಾರ್ಗದಲ್ಲಿ 1978ರವರೆಗೂ ಉಗಿ ಇತ್ತು. ವೇಲ್ಸಿನ ಮೌಂಟನ್ ಆಶ್, ಲ್ಯಾಂಕಾಶೈರ್ ಕಡೆಯ ಬೋಲ್ಡ್, ಡರ್ಬಿಶೈರಿನ ಕ್ಯಾಡ್ಲಿ ಹಿಲ್ ಗಣಿಗಳಲ್ಲಿ 1980ರ ದಶಕದಲ್ಲೂ ಹೊಗೆ ಏಳುತ್ತಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಬೆಂಕಿಯೇ ಇಲ್ಲದ ಇಂಜಿನ್. ಕಿಡಿ ಬಿದ್ದರೆ ಅಪಾಯವಿರುವ ಕಾಗದ, ಸಿಡಿಮದ್ದು ಕಾರ್ಖಾನೆಗಳಲ್ಲಿ ಇದನ್ನು ಬಳಸುತ್ತಿದ್ದರು. ದೊಡ್ಡ ಟ್ಯಾಂಕಿನಲ್ಲಿ ಬಿಸಿನೀರು ಇರುತ್ತದೆ. ಕಾರ್ಖಾನೆಯ ಬಾಯ್ಲರ್‌ನಿಂದ ಒತ್ತಡದ ಉಗಿಯನ್ನು ಅದಕ್ಕೆ ತುಂಬುತ್ತಾರೆ. ಇಂಜಿನ್ ಓಡಿದಂತೆ ಒತ್ತಡ ಇಳಿಯುತ್ತದೆ, ಆಗ ನೀರು ತಾನಾಗಿ ಕುದಿದು ಮತ್ತೆ ಉಗಿ ಕೊಡುತ್ತದೆ. ಒಮ್ಮೆ ತುಂಬಿದರೆ ಕೆಲವು ಗಂಟೆ ಶಂಟಿಂಗ್ ಮಾಡಬಹುದಿತ್ತು.