ಓದುಗರ ಪ್ರಶ್ನೆ: ಮಿಂಚು ಕಂಡ ಮೇಲೆ ಒತ್ತಿದರೆ ಸಿಗೋದು ಬರೀ ಕತ್ತಲೆ

ಭರಣಿ ಮಳೆ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಮಿಂಚಿನ ಫೋಟೊ ಬಗ್ಗೆಯೇ ಇರುತ್ತವೆ. ಈ ಸಲ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಅವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಣ್ಣನ ಹಳೇ ಡಿಎಸ್‌ಎಲ್‌ಆರ್ ಕೈಗೆ ಬಂದಿದೆ, 18–55 ಲೆನ್ಸ್ ಇದೆ. ಮಿಂಚು ಹೊಳೆದ ಕೂಡಲೇ ಒತ್ತುತ್ತೇನೆ. ಪ್ರತಿ ಸಲ ಕತ್ತಲೆಯೇ ಬರುತ್ತದೆ. ನನ್ನ ಕೈ ನಿಧಾನವೋ, ಕ್ಯಾಮೆರಾ ನಿಧಾನವೋ?
– ಕಾಲೇಜು ವಿದ್ಯಾರ್ಥಿ, ತಿಪಟೂರು

ಇಬ್ಬರದೂ ತಪ್ಪಿಲ್ಲ. ಕಣ್ಣಿಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಪಾಲು ಕಳೆದಿರುತ್ತದೆ, ಆಮೇಲೆ ಕ್ಯಾಮೆರಾ ಕತ್ತಲಲ್ಲಿ ಫೋಕಸ್ ಹುಡುಕೋಕೆ ಹೊರಡುತ್ತದೆ, ಅಷ್ಟರಲ್ಲಿ ಆ ಕಡೆ ಎಲ್ಲ ಮುಗಿದಿರುತ್ತದೆ. ಮಿಂಚಿನ ಹಿಂದೆ ಓಡಬೇಡಿ. ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ಮೊದಲೇ ತೆರೆದಿಟ್ಟು ಕಾಯಿರಿ. ತೆರೆದಿರುವಾಗ ಮಿಂಚು ಬಂದರೆ ಅದು ತಾನಾಗಿ ಫೋಟೊದಲ್ಲಿ ಬೀಳುತ್ತದೆ, ಬರದಿದ್ದರೆ ಆ ಫ್ರೇಮ್ ಅಳಿಸಿ.

ಟ್ರೈಪಾಡ್ ಇಲ್ಲದೆ ಇದು ಆಗದ ಕೆಲಸ. ಇಲ್ಲ ಅಂದರೆ ಮೇಜಿನ ಮೇಲೆ ಅಕ್ಕಿ ತುಂಬಿದ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ. ಲೆನ್ಸ್ 18ಕ್ಕೆ ತಿರುಗಿಸಿ, ಆಕಾಶ ಅಗಲವಾಗಿ ಕಾಣುತ್ತದೆ. ಮೋಡ್ ಎಂ (ಎಲ್ಲವನ್ನೂ ನೀವೇ ಹೊಂದಿಸುವುದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್/8, ಶಟರ್ 15ರಿಂದ 20 ಸೆಕೆಂಡ್. ಇಲ್ಲಿಂದ ಶುರು ಮಾಡಿ.

ಹೊಸಬರ ಫೋಟೊ ಕೆಡುವುದು ಹೆಚ್ಚಾಗಿ ಫೋಕಸ್‌ನಲ್ಲಿ. ನಿಮ್ಮ ಲೆನ್ಸ್ ಮೇಲೆ ದೂರದ ಅಳತೆಯ ಗೆರೆ ಇರುವುದಿಲ್ಲ. ಮೋಡ ಇನ್ನೂ ದೂರ ಇರುವಾಗಲೇ ಲೆನ್ಸ್ ಪಕ್ಕದ ಗುಂಡಿಯನ್ನು ಎಎಫ್‌ನಿಂದ (ಕ್ಯಾಮೆರಾ ತಾನೇ ಮಾಡುವ ಫೋಕಸ್) ಎಂಎಫ್‌ಗೆ (ಕೈಯಿಂದ ಮಾಡುವ ಫೋಕಸ್) ತಳ್ಳಿ, ಲೈವ್ ವ್ಯೂ (ನೋಟವನ್ನು ಹಿಂಬದಿಯ ಪರದೆಯಲ್ಲೇ ತೋರಿಸುವುದು) ಹಾಕಿ, ದೂರದ ಮೊಬೈಲ್ ಟವರ್ ತುದಿಯ ಕೆಂಪು ದೀಪವನ್ನು ಪರದೆ ಮೇಲೆ ದೊಡ್ಡದು ಮಾಡಿ, ಆ ದೀಪ ಚಿಕ್ಕ ಚುಕ್ಕಿ ಆಗುವ ತನಕ ಉಂಗುರ ತಿರುಗಿಸಿ. ಆಮೇಲೆ ಉಂಗುರಕ್ಕೆ ಒಂದು ಚೂರು ಟೇಪ್ ಅಂಟಿಸಿಬಿಡಿ. ಜೂಮ್ ಮುಟ್ಟಿದರೆ ಮತ್ತೆ ಮೊದಲಿಂದ ಮಾಡಬೇಕು, ನೆನಪಿರಲಿ.

ಇನ್ನೆರಡು ವಿಷಯ. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ 20 ಸೆಕೆಂಡಿನ ಫೋಟೊ ಆದ ಮೇಲೆ ಕ್ಯಾಮೆರಾ ಇನ್ನೂ 20 ಸೆಕೆಂಡ್ ಬಾಗಿಲು ಹಾಕಿಕೊಂಡು ಕೂರುತ್ತದೆ, ಒಳ್ಳೇ ಮಿಂಚು ಹೊಡೆಯೋದು ಆಗಲೇ. ಎರಡನೆಯದು, ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಒತ್ತೋಕೆ ತಂತಿಯ ತುದಿಯಲ್ಲಿರುವ ಗುಂಡಿ) ತಗೊಳ್ಳಿ. ಕ್ಯಾಮೆರಾವನ್ನು ಕಂಟಿನ್ಯುಯಸ್‌ಗೆ ಹಾಕಿ, ರಿಲೀಸ್‌ನ ಗುಂಡಿ ಒತ್ತಿ ಲಾಕ್ ಮಾಡಿದರೆ ಒಂದಾದ ಮೇಲೊಂದು ತಾನೇ ತೆಗೆಯುತ್ತಾ ಹೋಗುತ್ತದೆ. ನೀವು ಟೀ ಕುಡಿಯಬಹುದು.

ಅಂದಹಾಗೆ, ನಿಮ್ಮ ಕಡೆ ತೆಂಗಿನ ತೋಟಕ್ಕೇನು ಬರ? ಮಿಂಚಿನ ಬೆಳಕಿಗೆ ಅಡ್ಡವಾಗಿ ನಿಂತ ತೆಂಗಿನ ಗರಿಗಳು ಬಹಳ ಚೆನ್ನಾಗಿ ಬರುತ್ತವೆ. ಆದರೆ ತೋಟ ದೂರ ಕಾಣಬೇಕು, ನೀವು ಅದರೊಳಗೆ ಇರಬಾರದು. ಸಿಡಿಲು ಬಡಿದು ಸುಳಿ ಸುಟ್ಟ ತೆಂಗಿನಮರವನ್ನು ನೀವೇ ನೋಡಿರುತ್ತೀರಿ.

ಪ್ರಶ್ನೆ: ಒಂಬತ್ತನೇ ಮಹಡಿಯಲ್ಲಿ ಮನೆ. ನೀವು ಹಿಂದೊಮ್ಮೆ ಬರೆದಂತೆ 20 ಸೆಕೆಂಡ್ ಇಟ್ಟರೆ ಆಕಾಶವೆಲ್ಲ ಕೇಸರಿ ಬಣ್ಣಕ್ಕೆ ತಿರುಗಿ ಬೆಳ್ಳಗಾಗುತ್ತದೆ. ಅಪರ್ಚರ್ ಕಡಿಮೆ ಮಾಡಿದರೆ ಮಿಂಚು ದಾರದ ಎಳೆಯಂತೆ ಸಣ್ಣಗಾಗುತ್ತದೆ. ಏನು ಮಾಡಲಿ?
– ಗೃಹಿಣಿ, ಬೆಂಗಳೂರು

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ, ಗಮನಿಸಿದಿರಾ? ಅಪರ್ಚರ್ ಮುಟ್ಟಿದಾಗ ಮಿಂಚು ಬದಲಾಯಿತು. ಶಟರ್ ಮುಟ್ಟಿದ್ದರೆ ಮಿಂಚು ಹಾಗೇ ಇರುತ್ತಿತ್ತು.

ಬೀದಿದೀಪದ ಬೆಳಕು ನಲ್ಲಿ ನೀರಿದ್ದ ಹಾಗೆ, ಬಿಂದಿಗೆ ಎಷ್ಟು ಹೊತ್ತು ಇಟ್ಟರೆ ಅಷ್ಟು ತುಂಬುತ್ತದೆ. ಮಿಂಚು ಹಾಗಲ್ಲ. ಅದು ಬಂದು ಹೋಗುವುದೇ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ನೀವು ಶಟರ್ 5 ಸೆಕೆಂಡ್ ಇಡಿ, 30 ಸೆಕೆಂಡ್ ಇಡಿ, ಒಂದು ಮಿಂಚಿನ ಬೆಳಕು ಅಷ್ಟೇ. ಹಾಗಾಗಿ ಮಿಂಚು ಎಷ್ಟು ದಪ್ಪ, ಎಷ್ಟು ಹೊಳಪು ಅನ್ನೋದನ್ನು ಅಪರ್ಚರ್ ಮತ್ತು ಐಎಸ್‌ಒ ತೀರ್ಮಾನಿಸುತ್ತವೆ; ಊರಿನ ದೀಪ, ಮೋಡದ ಬಣ್ಣ ಎಷ್ಟು ಬರಬೇಕು ಅನ್ನೋದನ್ನು ಶಟರ್‌ನಿಂದಲೂ ಹಿಡಿತಕ್ಕೆ ತರಬಹುದು. ಇದೊಂದು ತಲೆಗೆ ಹೋದರೆ ಮಿಂಚಿನ ಫೋಟೊದಲ್ಲಿ ಕಲಿಯೋದು ಜಾಸ್ತಿ ಏನೂ ಉಳಿಯುವುದಿಲ್ಲ.

ನಿಮಗೆ ಐಎಸ್‌ಒ 100, ಎಫ್/8 ಸರಿ. ಶಟರ್ 5–6 ಸೆಕೆಂಡಿಗೆ ಇಳಿಸಿ, ಇನ್ನೂ ಬೆಳ್ಳಗಾದರೆ 3ಕ್ಕೆ. ಫ್ರೇಮ್‌ಗಳ ಸಂಖ್ಯೆ ಜಾಸ್ತಿಯಾಗುತ್ತದೆ, ಅಷ್ಟೇ ತೊಂದರೆ. ಸಿಡಿಲು ತೀರಾ ಹತ್ತಿರ ಬೀಳುತ್ತಿದ್ದರೆ ಎಫ್/11 ಮಾಡಿ, 15 ಕಿಲೋಮೀಟರ್ ಆಚೆ ಇದ್ದರೆ ಎಫ್/5.6. ಕೇಸರಿ ಬಣ್ಣಕ್ಕೆ ವೈಟ್ ಬ್ಯಾಲೆನ್ಸನ್ನು (ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) 3,500–4,000 ಕೆಲ್ವಿನ್ ಹತ್ತಿರ ಇಡಿ, ಮೋಡ ನೀಲಿ ಕಡೆಗೆ ಬರುತ್ತದೆ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ತೆಗೆದರೆ ಆಮೇಲೆ ಕೂಡ ಸರಿಮಾಡಬಹುದು. ಮನೆಯೊಳಗಿನ ದೀಪ ಆರಿಸಿ. ಇಲ್ಲದಿದ್ದರೆ ಕಿಟಕಿ ಗಾಜಿನಲ್ಲಿ ನಿಮ್ಮ ಫ್ರಿಜ್ಜೂ ಮಿಂಚಿನ ಪಕ್ಕ ನಿಂತಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಜೂನ್‌, ಜುಲೈನಲ್ಲಿ ಬಿಡದೆ ಮಳೆ. ಇಷ್ಟು ಮಳೆಗೆ ಮಿಂಚೂ ಜಾಸ್ತಿ ಇರಬೇಕಲ್ವಾ? ವಾರಗಟ್ಟಲೆ ಕಾದರೂ ಒಂದು ಒಳ್ಳೇ ಕೋಲ್ಮಿಂಚು ಇಲ್ಲ.
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಆ ಎರಡು ತಿಂಗಳು ಕ್ಯಾಮೆರಾವನ್ನು ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಹಾಕಿ, ಬೂಷ್ಟು ಹಿಡಿಯದಂತೆ ನೋಡಿಕೊಳ್ಳಿ. ಮಳೆ ಎಷ್ಟು ಸುರಿಯುತ್ತದೆ ಅನ್ನೋದಕ್ಕೂ ಮಿಂಚಿಗೂ ನೇರ ಸಂಬಂಧ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮೀರುವ ನಿಮ್ಮ ಪಕ್ಕದ ಆಗುಂಬೆಯಲ್ಲೂ ಆಷಾಢದ ಮಳೆ ಹೆಚ್ಚಾಗಿ ಗುಡುಗಿಲ್ಲದೆ ಸುರಿಯುತ್ತದೆ.

ಮಿಂಚಿಗೆ ಬೇಕಾದ್ದು ಮಂಜುಗಡ್ಡೆ. ನಮ್ಮ ಆಕಾಶದಲ್ಲಿ ಸುಮಾರು 5 ಕಿಲೋಮೀಟರ್ ಮೇಲೆ ಹೋದರೆ ನೀರು ಹೆಪ್ಪುಗಟ್ಟುವ ಚಳಿ. ಮೋಡ ಅದನ್ನೂ ದಾಟಿ ಮೇಲಕ್ಕೆ ಬೆಳೆದಾಗ ಒಳಗೆ ಸಣ್ಣ ಹಿಮದ ಹರಳುಗಳೂ ಮೆತ್ತನೆಯ ಆಲಿಕಲ್ಲಿನಂಥ ಉಂಡೆಗಳೂ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಹಗುರ ಹರಳುಗಳು ಧನ ವಿದ್ಯುತ್ ಹೊತ್ತು ಮೇಲಕ್ಕೆ ಹೋಗುತ್ತವೆ, ಭಾರದವು ಋಣ ವಿದ್ಯುತ್ ಹೊತ್ತು ಕೆಳಗೆ ಉಳಿಯುತ್ತವೆ. ಹೀಗೆ ಬೇರೆಯಾಗೋಕೆ ಕೆಳಗಿನಿಂದ ಬಿಸಿಗಾಳಿ ಜೋರಾಗಿ ಮೇಲಕ್ಕೆ ನುಗ್ಗಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಾದ ನೆಲ ಆ ಕೆಲಸ ಮಾಡುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೂಕೋಸಿನಂತೆ ಮೇಲೇಳುವ ಮೋಡ ಸಂಜೆಗೆ 12 ಕಿಲೋಮೀಟರ್ ದಾಟಿದರೂ ದಾಟಿತು. ಆಲಿಕಲ್ಲು ಬೀಳೋದೂ ಅದೇ ಕಾಲದಲ್ಲಿ, ಅದೇ ಮೋಡಗಳಿಂದ. ಘಟ್ಟಕ್ಕೆ ಬಡಿದು ಸುರಿಯುವ ಮುಂಗಾರಿನ ಮೋಡ ಹೆಚ್ಚಾಗಿ ಅಷ್ಟೆತ್ತರ ಹೋಗುವುದೇ ಇಲ್ಲ, ಒಳಗಿನ ಗಾಳಿಯೂ ಮೆತ್ತಗೆ.

ನಿಮಗೆ ವರ್ಷದಲ್ಲಿ ಎರಡು ಸುಗ್ಗಿ. ಅಶ್ವಿನಿಯಿಂದ ಕೃತ್ತಿಕಾ ಮಳೆಯ ತನಕ ಒಂದು, ಹಸ್ತ, ಚಿತ್ತೆ, ಸ್ವಾತಿಯ ಹೊತ್ತಿಗೆ ಇನ್ನೊಂದು. ನನ್ನ ಕೇಳಿದರೆ ಎರಡನೆಯದೇ ಒಳ್ಳೆಯದು. ಮುಂಗಾರು ಆಕಾಶದ ದೂಳನ್ನೆಲ್ಲ ತೊಳೆದಿರುತ್ತದೆ, ದೂರದ ಮಿಂಚೂ ಸ್ಪಷ್ಟ. ಕರಾವಳಿಗೆ ಹೋಗುವವರು ಅಕ್ಟೋಬರ್‌ನಲ್ಲೇ ಹೋಗಿ, ಸಮುದ್ರದ ಮೇಲೆ ಮಿಂಚುವಾಗ ನೀರೂ ಹೊಳೆಯುತ್ತದೆ.

ಪ್ರಶ್ನೆ: ಫೋನ್‌ನಲ್ಲಿ ಮಿಂಚಿನ ವಿಡಿಯೊ ತೆಗೆದೆ. ಒಂದು ಫ್ರೇಮ್‌ನಲ್ಲಿ ಮೇಲಿನ ಅರ್ಧ ಬೆಳ್ಳಗೆ, ಕೆಳಗಿನ ಅರ್ಧ ಕಪ್ಪು. ಫೋನ್ ಕೆಟ್ಟಿದೆಯಾ?
– ರಾಯಚೂರು

ಇಲ್ಲ. ಫೋನ್ ಒಂದು ಫ್ರೇಮನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಓದುತ್ತದೆ. ನಡುವೆ ಮಿಂಚು ಬಂದುಹೋದರೆ ಕೆಲವು ಸಾಲುಗಳಿಗೆ ಮಾತ್ರ ಬೆಳಕು ಸಿಗುತ್ತದೆ. ಅದರ ಮುಂದಿನ, ಹಿಂದಿನ ಫ್ರೇಮ್‌ಗಳನ್ನೂ ನೋಡಿ, ಪೂರ್ತಿ ಬಂದದ್ದು ಇರಬಹುದು. 4ಕೆ ವಿಡಿಯೊದ ಒಂದು ಫ್ರೇಮ್ ಅಂದರೆ ಸುಮಾರು 8 ಮೆಗಾಪಿಕ್ಸೆಲ್, ವಾಟ್ಸ್ಯಾಪ್‌ಗೆ ಧಾರಾಳ. ಪ್ರೊ ಮೋಡ್ ಇದ್ದರೆ ಐಎಸ್‌ಒ 50 ಅಥವಾ 100, ಶಟರ್ 8 ಸೆಕೆಂಡ್, ಫೋಕಸ್ ಪರದೆಯಲ್ಲಿನ ಬೆಟ್ಟದ ಗುರುತಿಗೆ, ಅಂದರೆ ದೂರಕ್ಕೆ, ಇಟ್ಟು ಪ್ರಯತ್ನಿಸಿ. ನೈಟ್ ಮೋಡ್ ಬೇಡ. ಅದು ಹಲವು ಫ್ರೇಮ್‌ಗಳನ್ನು ಬೆರೆಸಿ ಸರಾಸರಿ ಮಾಡುತ್ತದೆ, ಒಂದರಲ್ಲಿ ಮಾತ್ರ ಇದ್ದ ಮಿಂಚು ಮಂಕಾಗಿಬಿಡಬಹುದು.

ಪ್ರಶ್ನೆ: ಗುಡುಗು ಕೇಳಿದರೆ ಅಜ್ಜಿ ‘ಅರ್ಜುನ, ಫಲ್ಗುಣ’ ಶುರು ಮಾಡುತ್ತಾರೆ. ಅಪ್ಪ ಕ್ಯಾಮೆರಾ, ಟ್ರೈಪಾಡ್ ಸಿಡಿಲನ್ನು ಎಳೆಯುತ್ತವೆ ಅಂತ ಬೈಯುತ್ತಾರೆ. ತಾರಸಿ ಮೇಲೆ ಛತ್ರಿ ಹಿಡಿದು ನಿಂತರೆ ಸಾಕಲ್ವಾ?
– ಹಾವೇರಿ

ಅಪ್ಪ ಬೈದದ್ದು ಸರಿ, ಕಾರಣ ಸ್ವಲ್ಪ ಬೇರೆ. ಕ್ಯಾಮೆರಾ, ಮೊಬೈಲು ಮೋಡದಿಂದ ಸಿಡಿಲನ್ನು ಕರೆದು ತರುವುದಿಲ್ಲ. ತಾರಸಿಯಲ್ಲಿ ಸುತ್ತಲಿಗಿಂತ ಎತ್ತರವಾಗಿ ನಿಂತಿರೋದು ನೀವು, ಕೈಯಲ್ಲಿ ಕಬ್ಬಿಣದ ಕಡ್ಡಿಯ ಛತ್ರಿ ಬೇರೆ. ತಾರಸಿ ಬೇಡವೇ ಬೇಡ, ಅದರಲ್ಲೂ ಮುಂದೆ ಮಹಡಿ ಕಟ್ಟೋಕೆ ಅಂತ ಕಂಬಿ ಬಿಟ್ಟಿರುವ ತಾರಸಿ. ಮರದಡಿ, ಹೊಲದ ಗುಡಿಸಲು, ಬಸ್‌ ಸ್ಟಾಪಿನ ತಗಡಿನ ಚಪ್ಪರ ಯಾವುದೂ ರಕ್ಷಣೆ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887. ಫೋಟೊ ತೆಗೆಯುವ ಹುಚ್ಚಿಲ್ಲದೆ, ಹೊಲದಲ್ಲಿ ಕೆಲಸ ಮಾಡುತ್ತಾ, ಮಳೆಗೆ ಮರದ ಕೆಳಗೆ ನಿಂತು ಸಾಯುವವರೇ ನಮ್ಮಲ್ಲಿ ಎಷ್ಟೋ ಜನ. ನಮಗೆ ಒಳಗೆ ಹೋಗುವ ಅವಕಾಶ ಇದೆ.

ಸರಿಯಾದ ಜಾಗ ಎರಡೇ. ಪಕ್ಕಾ ಕಟ್ಟಡದ ಒಳಗೆ, ಅಥವಾ ಗಾಜು ಏರಿಸಿದ, ಲೋಹದ ಮೇಲ್ಛಾವಣಿಯ ಕಾರಿನ ಒಳಗೆ. ಕಾರಿಗೆ ಸಿಡಿಲು ಬಡಿದರೂ ವಿದ್ಯುತ್ ಹೊರಗಿನ ತಗಡಿನ ಮೇಲೇ ಹರಿದು ನೆಲಕ್ಕೆ ಹೋಗುತ್ತದೆ, ರಬ್ಬರ್ ಚಕ್ರದಿಂದ ಏನೂ ಉಪಯೋಗ ಇಲ್ಲ. ಆಟೊ, ಬೈಕ್ ಲೆಕ್ಕಕ್ಕಿಲ್ಲ. ಮನೆಯಲ್ಲಾದರೆ ಕಿಟಕಿಯ ಕಬ್ಬಿಣದ ಗ್ರಿಲ್ ಮುಟ್ಟಬೇಡಿ, ಟ್ರೈಪಾಡ್ ಕಾಲೂ ಅದಕ್ಕೆ ತಾಗದಿರಲಿ, ಚಾರ್ಜರ್ ಚುಚ್ಚಿದ ಫೋನ್ ಕೈಯಲ್ಲಿ ಬೇಡ.

ದೂರ ಅಳೆಯೋದು ಸುಲಭ. ಮಿಂಚಿದ ಕೂಡಲೇ ಎಣಿಸಿ, ಗುಡುಗು ಕೇಳಿದಾಗ ನಿಲ್ಲಿಸಿ, ಬಂದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. 30 ಸೆಕೆಂಡ್ ಅಥವಾ ಕಡಿಮೆ ಬಂದರೆ, ಅಂದರೆ 10 ಕಿಲೋಮೀಟರ್ ಒಳಗೆ, ಹೊರಗೆ ಇರಬಾರದು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಲೂಬಾರದು. ಮಳೆ ನಿಂತಿತು ಅನ್ನೋದು ಲೆಕ್ಕವಲ್ಲ. ಫೋನ್‌ನಲ್ಲಿ ಪುಣೆಯ ಹವಾಮಾನ ಸಂಸ್ಥೆ ಐಐಟಿಎಂ ಮಾಡಿದ ದಾಮಿನಿ ಆ್ಯಪ್, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಹಾಕಿಕೊಳ್ಳಿ. ಮೋಡ ಎತ್ತ ಸಾಗುತ್ತಿದೆ ಅಂತಲೂ ಅಂದಾಜು ಸಿಗುತ್ತದೆ. ಅಜ್ಜಿಯ ಪಕ್ಕ ಕಿಟಕಿ ಹತ್ತಿರ ಕೂತು ತೆಗೆಯಿರಿ, ಮನೆಯಲ್ಲಿ ಜಗಳವೂ ಇರುವುದಿಲ್ಲ.

ಪ್ರಶ್ನೆ: ಬೇರೆ ಬೇರೆ ಫ್ರೇಮ್‌ನ ಮಿಂಚುಗಳನ್ನು ಒಂದೇ ಫೋಟೊಗೆ ಸೇರಿಸಿದರೆ ಮೋಸವೇ?
– ಹುಬ್ಬಳ್ಳಿ

ಹೇಳಿ ಹಾಕಿದರೆ ಅಲ್ಲ, ಮುಚ್ಚಿಟ್ಟರೆ ಹೌದು. ಸ್ಪರ್ಧೆಗೆ ಕಳಿಸುವಾಗ ನಿಯಮ ಓದಿ. ನನಗಂತೂ ಹತ್ತು ಮಿಂಚು ತುರುಕಿದ ಫೋಟೊಗಿಂತ ಒಂದೇ ಮಿಂಚು ಇರುವುದೇ ಇಷ್ಟ.

ಪ್ರಶ್ನೆ: ಮಿಂಚಿನ ಮೊದಲ ಫೋಟೊ ಯಾರದು?
– ನಿವೃತ್ತ ಶಿಕ್ಷಕರು, ವಿಜಯಪುರ

ಸಾಮಾನ್ಯವಾಗಿ ಹೆಸರು ಹೇಳೋದು ಅಮೆರಿಕದ ವಿಲಿಯಂ ಜೆನ್ನಿಂಗ್ಸ್ ಅವರದು ಸರ್, ಫಿಲಡೆಲ್ಫಿಯಾದಲ್ಲಿ, 1882ರ ಸೆಪ್ಟೆಂಬರ್ 2ರಂದು. ಅಲ್ಲಿಯ ತನಕ ಚಿತ್ರಕಾರರು ಮಿಂಚನ್ನು ಚೂಪು ಮೂಲೆಗಳ ಅಂಕುಡೊಂಕು ಗೆರೆಯಾಗಿ ಬರೆಯುತ್ತಿದ್ದರು, ಅದು ಕವಲೊಡೆದು ಹರಿಯುತ್ತದೆ ಅಂತ ಫೋಟೊ ತೋರಿಸಿತು. ಆಮೇಲೆ ಇಂಗ್ಲೆಂಡಿನ ಚಾರ್ಲ್ಸ್ ವರ್ನನ್ ಬಾಯ್ಸ್ ಲೆನ್ಸ್ ತಿರುಗುವ ಕ್ಯಾಮೆರಾ ಮಾಡಿದರು. ಅದೇ ಬಗೆಯ ಕ್ಯಾಮೆರಾದಿಂದ 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಬೇಸಿಲ್ ಶೋನ್‌ಲ್ಯಾಂಡ್ ಮತ್ತು ಜೊತೆಗಾರರು ಮಿಂಚು ಮೊದಲು ಮಂಕಾಗಿ ಹೆಜ್ಜೆ ಹೆಜ್ಜೆಯಾಗಿ ಕೆಳಗಿಳಿಯುತ್ತದೆ, ನೆಲ ಸೇರಿದ ಕ್ಷಣ ಕಣ್ಣು ಕುಕ್ಕುವ ಹೊಳಪು ಕೆಳಗಿನಿಂದ ಮೇಲಕ್ಕೆ ಓಡುತ್ತದೆ ಅಂತ ಕಂಡುಕೊಂಡರು. ಒಂದೇ ಮಿಂಚಿನಲ್ಲಿ ಇಂಥ ಮೂರು ನಾಲ್ಕು ಹೊಡೆತ ಇರುವುದು ಮಾಮೂಲು. ಮಿಂಚು ಮಿಣುಕಿದಂತೆ ಕಾಣೋದು ಅದಕ್ಕೇ.

ಪ್ರಶ್ನೆ: ಲೈಟ್ನಿಂಗ್ ಟ್ರಿಗರ್ ತಗೊಳ್ಳಲಾ?
– ಮೈಸೂರು

ರಾತ್ರಿಗೆ ದಂಡ. ಹಗಲು ಮಿಂಚು ಬೇಕು ಅಂದರೆ ಮಾತ್ರ ಯೋಚಿಸಿ. ಹಗಲಲ್ಲಿ ಶಟರ್ ಜಾಸ್ತಿ ಹೊತ್ತು ತೆರೆದಿಡೋಕೆ ಆಗುವುದಿಲ್ಲ. ಟ್ರಿಗರ್ ಮೊದಲ ಹೊಡೆತದ ಬೆಳಕು ನೋಡಿ ಕ್ಯಾಮೆರಾ ಒತ್ತುತ್ತದೆ, ನಿಮಗೆ ಸಿಗೋದು ಎರಡನೆಯದೋ ಮೂರನೆಯದೋ. ಒಂದೇ ಹೊಡೆತದ ಮಿಂಚಾದರೆ ಟ್ರಿಗರ್ ಇದ್ದರೂ ತಪ್ಪಿಹೋಗಬಹುದು. ಮೊದಲು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಮಬ್ಬು ಗಾಜು) ಹಾಕಿ, ಎಫ್/11 ಇಟ್ಟು, 1 ಸೆಕೆಂಡಿನ ಫೋಟೊಗಳನ್ನು ಬಿಡದೆ ತೆಗೆದು ನೋಡಿ. ಟ್ರಿಗರ್‌ಗೆ ಎತ್ತಿಟ್ಟ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ಮತ್ತು ಇನ್ನೊಂದು ಬ್ಯಾಟರಿ ತಗೊಳ್ಳಿ.