ಪಾಸ್‌ವರ್ಡ್ ಬರೆದಿಟ್ಟರೆ ಸಾಲದು, ದಾರಿಯನ್ನೂ ಮಾಡಿಡಿ

"ನಾನು ಹೋದ ಮೇಲೆ ಫೋಟೊ, ಮೇಲ್, ತೋಟದ ಲೆಕ್ಕ ಎಲ್ಲ ಮಗಳಿಗೆ ಸಿಗಬೇಕು, ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಟ್ಟರೆ ಸಾಕಾ?" ಅಂತ ಕೇಳಿದ್ದೀರಿ. ಸಾಲದು.

ಪಾಸ್‌ವರ್ಡ್ ಹಾಕಿದ ಮೇಲೂ ಎಷ್ಟೋ ಕಡೆ ಓಟಿಪಿ ಕೇಳುತ್ತದೆ, ಅದು ಬರುವುದು ನಿಮ್ಮ ನಂಬರಿಗೆ. ಸಾವಾದ ಮನೆಯಲ್ಲಿ ರೀಚಾರ್ಜ್ ಯಾರಿಗೆ ನೆನಪಿರುತ್ತದೆ ಹೇಳಿ. 90 ದಿನ ಬಳಸದೆ ಬಿಟ್ಟರೆ ಸಿಮ್ ಬಂದ್ ಆಗಬಹುದು, ಆಮೇಲೆ ಆ ನಂಬರ್ ಇನ್ಯಾರದೋ ಕೈ ಸೇರುತ್ತದೆ.

ನಾನು ಗೋಣಿಕೊಪ್ಪದ ಹತ್ತಿರ ಕಾಫಿ ತೋಟ ನೋಡಿಕೊಂಡಿದ್ದೇನೆ. ನಮಗೆ ಮಳೆ ಲೆಕ್ಕ ಅಂದರೆ ಆಸ್ತಿ ಪತ್ರದಷ್ಟೇ ಮುಖ್ಯ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವ ತಾರೀಕು ಬಂತು, ಎಷ್ಟು ಇಂಚು, ಅದರ ಹಿಂದೆ ಇನ್ನೊಂದು ಮಳೆ ಸಿಕ್ಕಿತಾ ಇಲ್ವಾ, ಎಲ್ಲ ಅಜ್ಜ ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು, ನಾನು ಗೂಗಲ್ ಶೀಟಿನಲ್ಲಿ ಬರೆಯುತ್ತೇನೆ. ಅವರ ರಿಜಿಸ್ಟರ್ ಕಪಾಟಿನಲ್ಲಿದೆ, ಯಾರು ಬೇಕಾದರೂ ತೆಗೆದು ನೋಡಬಹುದು. ನನ್ನದು ಹಾಗಲ್ಲ, 2 ವರ್ಷ ಯಾರೂ ಮುಟ್ಟದ ಅಕೌಂಟನ್ನು ಗೂಗಲ್ ಅಳಿಸಬಹುದು.

ಅದಕ್ಕೇ ಗೂಗಲ್‌ನ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಇವತ್ತೇ ತೆರೆಯಿರಿ. 3, 6, 12 ಅಥವಾ 18 ತಿಂಗಳು ಅಕೌಂಟ್ ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಅಂತ ಅಲ್ಲಿ ಹೇಳಿಡಬಹುದು, 10 ಜನರವರೆಗೆ. ಫೋಟೊ ಒಬ್ಬರಿಗೆ, ಡ್ರೈವ್ ಇನ್ನೊಬ್ಬರಿಗೆ. ಮೇಲ್ ಯಾರಿಗೂ ಬೇಡ ಅನಿಸಿದರೆ ಬೇಡ, ನಾನಂತೂ ಕೊಟ್ಟಿಲ್ಲ. ಮಗಳ ನಂಬರನ್ನೂ ಸರಿಯಾಗಿ ಹಾಕಿ, ಅವಳೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳುವುದು ಅದರಿಂದಲೇ. ಡೌನ್‌ಲೋಡ್ ಮಾಡಲು ಅವಳಿಗೆ 3 ತಿಂಗಳು ಇರುತ್ತದೆ.

ಇಲ್ಲೊಂದು ತೊಡಕಿದೆ, ಜಾಸ್ತಿ ಜನ ಗಮನಿಸುವುದಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನ್ ಮನೆಯಲ್ಲಿ ಚಾರ್ಜಿಗೆ ಹಾಕಿ, ನೆಟ್ ಆನ್ ಆಗೇ ಇದ್ದರೆ ಗೂಗಲ್ ಅದನ್ನೂ ಬಳಕೆ ಅಂತಲೇ ಲೆಕ್ಕ ಹಿಡಿಯುತ್ತದೆ. ಆಗ ಆ ತಿಂಗಳುಗಳ ಎಣಿಕೆ ಶುರುವೇ ಆಗುವುದಿಲ್ಲ. ಹಾಗಾಗಿ ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ ರೀಚಾರ್ಜ್ ಮಾಡುತ್ತಿರಲಿ, ಸ್ಮಾರ್ಟ್‌ಫೋನ್ ಆಫ್ ಮಾಡಿಡಲಿ. ಇದನ್ನು ಮಗಳಿಗೆ ಬಾಯಲ್ಲಿ ಹೇಳಿ, ಕಾಗದದಲ್ಲೂ ಬರೆದಿಡಿ.

ಐಫೋನ್ ಆದರೆ 'ಲೆಗಸಿ ಕಾಂಟ್ಯಾಕ್ಟ್' ಇದೆ, ನಿಮ್ಮ ನಂತರ ಅಕೌಂಟ್ ಯಾರು ತೆರೆಯಬೇಕು ಅಂತ ಮೊದಲೇ ಹೆಸರಿಸಿಡುವುದು. ಆಗ ಸಿಗುವ ಕೀ (ಗುಪ್ತ ಕೋಡ್) ಜೊತೆಗೆ ಮರಣ ಪ್ರಮಾಣಪತ್ರವೂ ಬೇಕು. ಫೇಸ್‌ಬುಕ್ಕಿನಲ್ಲೂ ಒಬ್ಬರನ್ನು ಹೆಸರಿಸಬಹುದು, ಅವರಿಗೆ ನಿಮ್ಮ ಮೆಸೇಜ್ ಓದಲು ಆಗುವುದಿಲ್ಲ. ಬ್ಯಾಂಕ್ ದುಡ್ಡು ಮಾತ್ರ ನಾಮಿನಿ ಅಥವಾ ವಾರಸುದಾರರ ಮೂಲಕವೇ ಆಗಬೇಕು, ನಿಮ್ಮ ಫೋನಿನಿಂದ ಯುಪಿಐ ಮಾಡಬೇಡ ಅಂತ ಅವಳಿಗೆ ಈಗಲೇ ಹೇಳಿ.

ತೋಟದ ಲೆಕ್ಕಕ್ಕೆ ಅಷ್ಟು ದಿನ ಕಾಯಿಸಬೇಡಿ. ಬರೀ ಶೇರ್ ಮಾಡಿದರೆ ನಿಮ್ಮ ಅಕೌಂಟ್ ಅಳಿದಾಗ ಫೈಲೂ ಹೋಗುತ್ತದೆ, ಅವಳ ಅಕೌಂಟಿನಲ್ಲೇ ಒಂದು ಕಾಪಿ ಮಾಡಿಸಿ.