ಅಜ್ಜನ ಕ್ಷೌರದ ಕತ್ತಿಯನ್ನು ಹಡಗಿಗೆ ಒಯ್ಯಬಹುದೇ?

ಪ್ರಶ್ನೆ: ನಾನು ಗಂಗಾವತಿಯ ನಿವೃತ್ತ ಶಿಕ್ಷಕ, ವಯಸ್ಸು 64. ಅಜ್ಜನಿಂದ ಬಂದ ಮಡಚುವ ಕ್ಷೌರದ ಕತ್ತಿಯಿಂದಲೇ ಮೂವತ್ತು ವರ್ಷಗಳಿಂದ ಗಡ್ಡ ಮಾಡಿಕೊಳ್ಳುತ್ತಿದ್ದೇನೆ. ಬೇರೆ ರೇಜರ್ ಬಳಸಿದರೆ ಕುತ್ತಿಗೆಯಲ್ಲಿ ಗುಳ್ಳೆ ಏಳುತ್ತವೆ. ಬರುವ ಡಿಸೆಂಬರ್‌ನಲ್ಲಿ ಮಗ ನಮ್ಮನ್ನು ಹುಬ್ಬಳ್ಳಿಯಿಂದ ವಿಮಾನದಲ್ಲಿ ಮುಂಬಯಿಗೆ, ಅಲ್ಲಿಂದ ಐದು ರಾತ್ರಿಗಳ ಪ್ರವಾಸಿ ಹಡಗಿನಲ್ಲಿ ಗೋವಾ ಮತ್ತು ಲಕ್ಷದ್ವೀಪಕ್ಕೆ ಕರೆದೊಯ್ಯುತ್ತಿದ್ದಾನೆ. ಕತ್ತಿಯನ್ನು ಒಯ್ಯಲು ಬಿಡುತ್ತಾರೆಯೇ? ಓಲಾಡುವ ಹಡಗಿನಲ್ಲಿ ಅದನ್ನು ಬಳಸುವುದು ಸುರಕ್ಷಿತವೇ? ಹೃದಯಕ್ಕಾಗಿ ದಿನಕ್ಕೊಂದು ಆಸ್ಪಿರಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕತ್ತಿಯ ಹಿಡಿಕೆ ಬಿಳಿಯದು, ಯಾವ ವಸ್ತುವಿನದೆಂದು ಗೊತ್ತಿಲ್ಲ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದೆಲ್ಲದಕ್ಕಿಂತ ಹೆಚ್ಚು ತೊಂದರೆ ತರಬಲ್ಲದ್ದು ಅದೇ. ಹಳೆಯ ಕತ್ತಿಗಳ ಬಿಳಿ ಹಿಡಿಕೆ ಸಾಮಾನ್ಯವಾಗಿ ಮೂಳೆ ಅಥವಾ ಸೆಲ್ಯುಲಾಯ್ಡ್‌ನಿಂದ ಮಾಡಿದ್ದಿರುತ್ತದೆ, ಅಪರೂಪಕ್ಕೆ ಆನೆದಂತದ್ದೂ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳೂ ಗೀರುಗಳೂ ಕಂಡರೆ ಅದು ಮೂಳೆ. ಚುಕ್ಕೆಗಳಿಲ್ಲದೆ, ತುದಿಯ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸಿ ಹಾಯುವ ಬಾಗುಗೆರೆಗಳು ಕಂಡರೆ ದಂತವಿರಬಹುದು. ದಂತವೆಂಬ ಅನುಮಾನ ಬಂದರೂ ಸಾಕು, ಕತ್ತಿಯನ್ನು ಮನೆಯಿಂದ ಹೊರಗೆ ಒಯ್ಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಡೆತನದ ಪ್ರಮಾಣಪತ್ರವಿಲ್ಲದೆ ಆನೆದಂತದ ವಸ್ತುವನ್ನು ಇಟ್ಟುಕೊಳ್ಳುವಂತಿಲ್ಲ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.

ಹಿಡಿಕೆ ದಂತದ್ದಲ್ಲ ಎಂದು ಖಚಿತವಾದ ಮೇಲೆ ದಾರಿಯ ಮಾತು. ವಿಮಾನದಲ್ಲಿ ಕೈಚೀಲದೊಳಗೆ ಕ್ಷೌರದ ಕತ್ತಿಯನ್ನು ಬಿಡುವುದಿಲ್ಲ. ಅದನ್ನು ಗಟ್ಟಿಯಾದ ಡಬ್ಬಿಯಲ್ಲಿಟ್ಟು, ತಪಾಸಣೆಗೆ ತೆರೆದವರ ಕೈಗೆ ಗಾಯವಾಗದಂತೆ ಬಟ್ಟೆ ಸುತ್ತಿ, ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಸೂಟ್‌ಕೇಸಿನಲ್ಲಿ ಇಡಬೇಕು. ಹಡಗಿನ ವಿಷಯದಲ್ಲಿ ಮಾತ್ರ ಕಂಪನಿಗೊಂದು ನಿಯಮವಿದೆ. 4 ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸುವ ಕಂಪನಿಗಳು ಹಲವು. ಕ್ಷೌರದ ಕತ್ತಿಯ ಅಲಗು ಸುಮಾರು 3 ಇಂಚು ಇರುವುದರಿಂದ ಅದು ಈ ಮಿತಿಯೊಳಗೇ ಬರುತ್ತದೆಂದು ನೀವು ಲೆಕ್ಕ ಹಾಕಬಹುದು, ಆದರೆ ಆ ಲೆಕ್ಕವನ್ನು ನಂಬಿ ಹೊರಡಬೇಡಿ. ತೆರೆದ ಅಲಗಿನ ಕತ್ತಿಯನ್ನು ಅಳತೆ ನೋಡದೆ ತಡೆಯುವುದೂ ಉಂಟು, ಮತ್ತು ಬಂದರಿನ ದ್ವಾರದಲ್ಲಿ ನಿಂತ ಭದ್ರತಾ ಅಧಿಕಾರಿಯ ತೀರ್ಮಾನವೇ ಅಲ್ಲಿ ಅಂತಿಮ. ಆದ್ದರಿಂದ ಮಗನಿಂದ ಕಂಪನಿಗೆ ಇಮೇಲ್ ಬರೆಸಿ, ‘ಸ್ಟ್ರೇಟ್ ರೇಜರ್’ ಎಂದು ಸ್ಪಷ್ಟವಾಗಿ ಹೆಸರಿಸಿ, ಅಲಗಿನ ಅಳತೆಯನ್ನೂ ಒಂದು ಚಿತ್ರವನ್ನೂ ಸೇರಿಸಿ, ಲಿಖಿತ ಉತ್ತರ ಪಡೆದು ಮುದ್ರಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅಥವಾ ‘ಅಲ್ಲಿ ನೋಡೋಣ’ ಎಂಬ ಧಾಟಿಯಲ್ಲಿ ಬಂದರೆ ಕತ್ತಿಯನ್ನು ಬಿಟ್ಟು ಹೋಗುವುದೇ ನನ್ನ ಸಲಹೆ, ಏಕೆಂದರೆ ದ್ವಾರದಲ್ಲಿ ತಡೆದ ವಸ್ತುವನ್ನು ಕೆಲವರು ಪ್ರಯಾಣ ಮುಗಿಯುವವರೆಗೆ ತಮ್ಮಲ್ಲಿಟ್ಟು ಮರಳಿಸಿದರೆ, ಕೆಲವರು ಮರಳಿಸುವುದೇ ಇಲ್ಲ. ಅಜ್ಜನ ಕತ್ತಿಯನ್ನು ಅಂಥ ಅನಿಶ್ಚಯಕ್ಕೆ ಒಡ್ಡಬಾರದು. ಒಳಗೆ ಬಿಟ್ಟ ಮೇಲೆಯೂ, ನಡುವಿನ ನಿಲ್ದಾಣಗಳಲ್ಲಿ ದಡಕ್ಕೆ ಇಳಿಯುವಾಗ ಅದು ಕೋಣೆಯ ತಿಜೋರಿಯಲ್ಲೇ ಇರಲಿ, ಏಕೆಂದರೆ ಹಡಗಿಗೆ ಮರಳುವಾಗಲೆಲ್ಲ ಚೀಲಗಳ ತಪಾಸಣೆ ಮತ್ತೆ ನಡೆಯುತ್ತದೆ.

ಬಿಸಿನೀರಿಗೆಂದು ನಮ್ಮ ಕಡೆಯವರು ಪ್ರವಾಸದಲ್ಲಿ ಇಮ್ಮರ್ಷನ್ ರಾಡ್ ಒಯ್ಯುವ ರೂಢಿಯಿದೆ. ಹಡಗಿನಲ್ಲಿ ಬೆಂಕಿಯ ಭಯದಿಂದ ಅದನ್ನು ಬಿಡುವುದಿಲ್ಲ, ಅದರ ಅಗತ್ಯವೂ ಇಲ್ಲ, ಕೋಣೆಯ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ.

ನೀವು ಓಲಾಟವನ್ನು ಕುರಿತು ಕೇಳಿದ್ದೀರಿ. ನನ್ನ ಅನುಭವದಲ್ಲಿ ಕತ್ತಿಗೆ ಓಲಾಟಕ್ಕಿಂತ ದೊಡ್ಡ ಶತ್ರು ಸಮುದ್ರದ ಗಾಳಿ. ನಿಮ್ಮ ಕತ್ತಿ ಎರಡು ತಲೆಮಾರು ತುಕ್ಕು ಹಿಡಿಯದೆ ಉಳಿದದ್ದರಲ್ಲಿ ನಿಮ್ಮ ಕಾಳಜಿಯ ಪಾಲು ಎಷ್ಟಿದೆಯೋ, ಕೊಪ್ಪಳ, ರಾಯಚೂರು, ಬಳ್ಳಾರಿಗಳ ಒಣಹವೆಯ ಪಾಲೂ ಅಷ್ಟೇ ಇದೆ. ನಮ್ಮ ಬೇಸಿಗೆಯಲ್ಲಿ ಒರೆಸಿಟ್ಟ ಉಕ್ಕು ನಿಮಿಷಗಳಲ್ಲಿ ಒಣಗುತ್ತದೆ. ಕಡಲಿನ ಮೇಲೆ ಹಾಗಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಲೆಯೊಡೆದಾಗ ಅದರ ಸೂಕ್ಷ್ಮ ಹನಿಗಳು ಗಾಳಿಯೊಡನೆ ಸೇರಿಕೊಳ್ಳುತ್ತವೆ. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿದಾಗ ಉಪ್ಪು ತಾನಾಗಿಯೇ ನೀರನ್ನು ಎಳೆದುಕೊಂಡು ಕರಗುತ್ತದೆ. ಆದ್ದರಿಂದ ಕತ್ತಿಯ ಮೇಲೆ ಕೂತ ಕಣ್ಣಿಗೆ ಕಾಣದಷ್ಟು ಉಪ್ಪು ಸಹ ಒಣಗದ ತೇವವಾಗಿ ಉಳಿದು, ಇಂಗಾಲ ಹೆಚ್ಚಿರುವ ಹಳೆಯ ಉಕ್ಕನ್ನು ತಿನ್ನತೊಡಗುತ್ತದೆ. ನನ್ನ ಮೊದಲ ಹಡಗಿನ ಪ್ರಯಾಣದಲ್ಲಿ ಕತ್ತಿಯನ್ನು ಒರೆಸಿ ಬಚ್ಚಲಿನ ಕಪಾಟಿನಲ್ಲಿಟ್ಟು ಮಲಗಿದ್ದೆ. ಬೆಳಿಗ್ಗೆ ಅಲಗಿನ ಉದ್ದಕ್ಕೂ ಕಂದು ಚುಕ್ಕೆಗಳು ಎದ್ದಿದ್ದವು. ಊರಿಗೆ ಬಂದು ಸಾಣೆಕಲ್ಲಿನ ಮೇಲೆ ಅವನ್ನು ತೆಗೆಯುವಾಗ ಉಕ್ಕಿನ ಒಂದು ಪದರವೇ ಹೋಯಿತು, ಆ ನಷ್ಟ ಇಂದಿಗೂ ನನಗೆ ನೋವಿನ ವಿಷಯ.

ಆದ್ದರಿಂದ ಕತ್ತಿ ಬಚ್ಚಲಿನಲ್ಲಿ ಒಂದು ಗಳಿಗೆಯೂ ಉಳಿಯಬಾರದು. ಕ್ಷೌರ ಮುಗಿದೊಡನೆ ಸಿಹಿನೀರಿನಲ್ಲಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ ಒರೆಸಿ, ಚರ್ಮದ ಪಟ್ಟಿಯ ಮೇಲೆ ಹತ್ತು ಬಾರಿ ಎಳೆದು ಉಳಿದ ತೇವವನ್ನೂ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ ಮಲಗುವ ಕೋಣೆಯ ಪೆಟ್ಟಿಗೆಯಲ್ಲಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಕಾಲಕ್ರಮೇಣ ಕಮಟು ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ಔಷಧಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಎರಡು ಮೂರು ಹಾಕಿದರೆ ಇನ್ನೂ ಒಳ್ಳೆಯದು.

ಸಾಣೆಕಲ್ಲನ್ನು ಒಯ್ಯಬೇಡಿ. ಹೊರಡುವ ಮುನ್ನ ಚೆನ್ನಾಗಿ ಸಾಣೆ ಹಿಡಿದ ಕತ್ತಿಗೆ ಐದಾರು ದಿನ ಚರ್ಮದ ಪಟ್ಟಿಯ ಆರೈಕೆ ಸಾಕು. ತೂಗುಹಾಕುವ ಪಟ್ಟಿಗೆ ಕೋಣೆಯಲ್ಲಿ ಗಟ್ಟಿಯಾದ ಕೊಂಡಿ ಸಿಗುವುದಿಲ್ಲ, ಟವೆಲ್ ಹಾಕುವ ಸರಳು ಎಳೆತಕ್ಕೆ ಕಿತ್ತು ಬರಬಹುದು. ಮರದ ಹಲಗೆಗೆ ಅಂಟಿಸಿದ ಚಿಕ್ಕ ಚರ್ಮದ ಪಟ್ಟಿಯನ್ನು ಒಯ್ದು, ಮಂಚದ ಮೇಲೆ ಕುಳಿತು, ತೊಡೆಯ ಮೇಲಿಟ್ಟುಕೊಂಡು ಎಳೆಯಿರಿ.

ನೀರಿನ ವಿಷಯದಲ್ಲಿ ಹಡಗು ನಿಮಗೆ ಸಂತೋಷವನ್ನೇ ಕೊಡುತ್ತದೆ. ಗಂಗಾವತಿಯಲ್ಲಿ ತುಂಗಭದ್ರೆಯ ನೀರಿಗೆ ಏಳುವ ನೊರೆಯೇ ಬೇರೆ, ಬೋರ್‌ವೆಲ್ ನೀರಿಗೆ ಏಳುವ ನೊರೆಯೇ ಬೇರೆ ಎಂಬುದನ್ನು ನೀವೇ ಕಂಡಿರುತ್ತೀರಿ. ಗಡಸು ನೀರಿನ ಸುಣ್ಣ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ಜಿಡ್ಡಾಗಿ ಕೂರುತ್ತವೆ, ನೊರೆ ಒಡೆಯುತ್ತದೆ. ಹಡಗಿನಲ್ಲಿ ಬಳಸುವ ನೀರಿನ ದೊಡ್ಡ ಪಾಲನ್ನು ಸಮುದ್ರದ ನೀರನ್ನೇ ಆವಿಮಾಡಿಯೋ ಸೂಕ್ಷ್ಮ ಪೊರೆಗಳ ಮೂಲಕ ಒತ್ತಿ ಸೋಸಿಯೋ ತಯಾರಿಸುತ್ತಾರೆ, ಹಾಗಾಗಿ ಅದು ಮೆದು ನೀರು. ಮನೆಯಲ್ಲಿ ತೆಗೆದುಕೊಳ್ಳುವ ಸೋಪಿನ ಅರ್ಧದಷ್ಟರಿಂದ ಆರಂಭಿಸಿ. ನೊರೆ ದಟ್ಟವಾಗಿ, ಜಾರು ಜಾರಾಗಿ ಏಳುತ್ತದೆ. ಈ ಜಾರುತನದಲ್ಲೇ ಒಂದು ಅಪಾಯವೂ ಇದೆ: ಚರ್ಮವನ್ನು ಎಳೆದು ಹಿಡಿಯುವ ಎಡಗೈ ಬೆರಳುಗಳು ಥಟ್ಟನೆ ಜಾರಿದರೆ ಚರ್ಮ ಮಡಚಿಕೊಂಡು ಅಲಗಿಗೆ ಸಿಕ್ಕುತ್ತದೆ. ಒದ್ದೆ ಪಟಿಕದ ತುಂಡನ್ನು ಬೆರಳ ತುದಿಗಳಿಗೆ ಉಜ್ಜಿಕೊಂಡರೆ ಹಿಡಿತ ಸಿಗುತ್ತದೆ. ಪಟಿಕದ ನೀರು ಆಮ್ಲೀಯವಾದ್ದರಿಂದ ಅಲಗಿಗೆ ಮಾತ್ರ ತಾಗಿಸಬೇಡಿ.

ಇನ್ನು ಓಲಾಟ. ಡಿಸೆಂಬರ್‌ನಲ್ಲಿ ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಂತೆ ಒರಟಾಗಿರುವುದಿಲ್ಲ. ದೊಡ್ಡ ಹಡಗುಗಳ ಎರಡೂ ಬದಿಯಲ್ಲಿ ನೀರೊಳಗೆ ಚಾಚುವ ರೆಕ್ಕೆಗಳು ವಾಲುವಿಕೆಯನ್ನು ತಗ್ಗಿಸುತ್ತವೆ, ಉಳಿದ ವಾಲುವಿಕೆಯೂ ನಿಧಾನವಾದದ್ದು. ಕೋಣೆಯನ್ನು ಆರಿಸುವ ಅವಕಾಶವಿದ್ದರೆ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ಮಕ್ಕಳಾಡುವ ಸೀಸಾ ಹಲಗೆಯ ನಡುವೆ ಏರಿಳಿತ ಕಡಿಮೆ ಇರುವಂತೆ ಅಲ್ಲಿ ಚಲನೆ ಎಲ್ಲಕ್ಕಿಂತ ಕಡಿಮೆ. ನಿಧಾನದ ವಾಲುವಿಕೆ ಕೈಯನ್ನು ಅಷ್ಟಾಗಿ ಕೆಡಿಸುವುದಿಲ್ಲ, ಕೆಡಿಸುವುದು ಅನಿರೀಕ್ಷಿತವಾಗಿ ಬರುವ ಕುಲುಕು. ಆದ್ದರಿಂದ ಸಾಧ್ಯವಾದಷ್ಟು ಹಡಗು ಬಂದರಿನಲ್ಲಿ ನಿಂತಿರುವಾಗ ಅಥವಾ ಲಂಗರು ಹಾಕಿರುವಾಗ ಕ್ಷೌರ ಮಾಡಿಕೊಳ್ಳಿ. ನಡುಗಡಲಿನಲ್ಲೇ ಮಾಡಿಕೊಳ್ಳಬೇಕಾದರೆ ಮೊದಲು ಒಂದು ಲೋಟ ನೀರನ್ನು ಬೇಸಿನ್ ಪಕ್ಕದಲ್ಲಿಟ್ಟು ಐದು ನಿಮಿಷ ನೋಡಿ. ನೀರಿನ ಮೇಲ್ಮೈ ನಿಧಾನವಾಗಿ ಓರೆಯಾಗುತ್ತಿದ್ದರೆ ಮುಂದುವರಿಯಬಹುದು, ನೀರು ತುಳುಕುತ್ತಿದ್ದರೆ ಅಂದು ಕತ್ತಿಯನ್ನು ತೆರೆಯಲೇಬೇಡಿ.

ನಿಂತುಕೊಂಡರೆ ಕಾಲುಗಳನ್ನು ಭುಜದಗಲಕ್ಕೆ ಇಟ್ಟು ಸೊಂಟವನ್ನು ಬೇಸಿನ್‌ಗೆ ಒರಗಿಸಿ. ಕತ್ತಿ ಹಿಡಿದ ಕೈಯ ಕಿರುಬೆರಳು ಅಥವಾ ಅಂಗೈಯ ಅಂಚು ಸದಾ ಮುಖಕ್ಕೆ ತಾಗಿರಲಿ: ಹಾಗಿದ್ದಾಗ ಮೈ ವಾಲಿದರೂ ಕೈ ಮತ್ತು ಮುಖ ಒಟ್ಟಿಗೇ ವಾಲುತ್ತವೆ, ಅಲಗಿಗೂ ಚರ್ಮಕ್ಕೂ ಇರುವ ಸುಮಾರು 30 ಡಿಗ್ರಿಯ ಕೋನ ಕೆಡುವುದಿಲ್ಲ. ಎಳೆತ ಚಿಕ್ಕದಾಗಿರಲಿ, ಕೂದಲು ಬೆಳೆದ ದಿಕ್ಕಿನಲ್ಲೇ ಒಂದು ಸಲ ಮಾತ್ರ ಹೋಗಲಿ. ಎದುರುದಿಕ್ಕಿನ ನುಣುಪಿನ ಆಸೆಯನ್ನು ಊರಿಗೆ ಮರಳುವವರೆಗೆ ಬಿಡಿ. ಕೈಯಿಂದ ಕತ್ತಿ ಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲು ಬಿಟ್ಟು ಹಿಂದೆ ಸರಿಯಿರಿ.

ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಚಿಕ್ಕ ಗಾಯದಲ್ಲೂ ರಕ್ತ ನಿಲ್ಲುವುದು ತಡವಾಗುತ್ತದೆ. ಕ್ಷೌರಕ್ಕಾಗಿ ಮಾತ್ರೆಯನ್ನು ನೀವಾಗಿ ನಿಲ್ಲಿಸುವುದು ಸರ್ವಥಾ ಸಲ್ಲದು. ಗಾಯವಾದರೆ ಶುದ್ಧ ಬಟ್ಟೆಯನ್ನು ನಡುವೆ ತೆಗೆದು ನೋಡದೆ ಹತ್ತು ನಿಮಿಷ ಒತ್ತಿ ಹಿಡಿಯಿರಿ, ಸಣ್ಣ ಗೀರಿಗೆ ಪಟಿಕ ಸಾಕು, ನಿಲ್ಲದಿದ್ದರೆ ಹಡಗಿನ ವೈದ್ಯರ ಬಳಿಗೆ ಹೋಗಿ. ಈ ಕಾರಣಕ್ಕಾಗಿಯೇ ಗಲ್ಲದ ತಿರುವು, ಗಂಟಲಿನ ಉಬ್ಬು, ಮೇಲ್ತುಟಿ ಈ ಮೂರು ಕಡೆ ಹಡಗಿನಲ್ಲಿ ನಿಮ್ಮ ಕತ್ತಿಯನ್ನು ಬಳಸದಿರುವುದೇ ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. ಅಲ್ಲಿಗೆ ಒಂದೇ ಅಲಗಿನ ಸಾಮಾನ್ಯ ಸೇಫ್ಟಿ ರೇಜರ್ ಇರಲಿ. ನಿಮ್ಮ ಕುತ್ತಿಗೆಯ ಗುಳ್ಳೆಗಳಿಗೆ ಕಾರಣ ಬಹುಶಃ ಎರಡು ಮೂರು ಅಲಗುಗಳು ಒಟ್ಟಿಗಿರುವ ರೇಜರ್. ಅದು ಕೂದಲನ್ನು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುವುದರಿಂದ ತುದಿ ಒಳಗೇ ಬೆಳೆದು ಗುಳ್ಳೆಯಾಗುತ್ತದೆ. ಒಂದು ಅಲಗಿನದನ್ನು ಈಗಲೇ ಮನೆಯಲ್ಲಿ ವಾರವೊಂದು ಬಳಸಿ ನೋಡಿ. ಕಂಪನಿ ಕತ್ತಿಯನ್ನು ಒಲ್ಲೆನೆಂದರೂ ಆಗ ನಿಮಗೆ ತೊಂದರೆಯಾಗದು. ಅದರ ಬಿಡಿ ಬ್ಲೇಡುಗಳೂ ವಿಮಾನದ ಕೈಚೀಲದಲ್ಲಿ ಇರಬಾರದು.

ಊರಿಗೆ ಮರಳಿದ ದಿನವೇ ಕತ್ತಿಯನ್ನು ಹೊರತೆಗೆಯಿರಿ. ಪ್ರಯಾಣದಲ್ಲಿ ಸುತ್ತಿದ್ದ ಬಟ್ಟೆಯಲ್ಲಿ ಉಪ್ಪು ಉಳಿದಿರುತ್ತದೆ, ಅದನ್ನು ಮತ್ತೆ ಬಳಸಬೇಡಿ. ಹಿಡಿಕೆಗೂ ಅಲಗಿಗೂ ನಡುವಿನ ತಿರುಗಣಿಯೊಳಗೆ ಬಟ್ಟೆ ಹೋಗುವುದಿಲ್ಲವಾದ್ದರಿಂದ ಅಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಇಪ್ಪತ್ತು ಸಲ ತೆರೆದು ಮಡಚಿ, ಹೊರಬರುವ ಕಪ್ಪು ಎಣ್ಣೆಯನ್ನು ಒರೆಸಿ, ತಿಳಿಯಾದ ಎಣ್ಣೆ ಬರುವವರೆಗೂ ಹಾಗೆಯೇ ಮಾಡಿ.